ಲೆಕ್ಕದ ಪುಟ: ಕಾನೂನು ಬೇರೆ, ನಿಯಮ ಬೇರೆ

ಹೋದ ತಿಂಗಳು ಸ್ಯಾನ್ ಡಿಯಾಗೋದಿಂದ ಒಬ್ಬರು ಹೆಣ್ಣುಮಗಳು ಟ್ಯಾಕ್ಸ್ ಕಾಗದ ತಗೊಂಡು ಬಂದಿದ್ರು. ಗಂಡನದು ಎಚ್-1ಬಿ, ಇವರದು ಎಚ್-4. "ಸಾರ್, ಇಎಡಿ ರಿನ್ಯೂವಲ್‌ಗೆ ಹಾಕಿದೀನಿ, ಇನ್ನೂ ಬಂದಿಲ್ಲ. ಕಾರ್ಡಿನ ತಾರೀಖು ಮುಗಿದ ಮರುದಿನವೇ ಕೆಲಸಕ್ಕೆ ಬರಬೇಡಿ ಅಂದ್ರು. ಹಿಂದಿನ ಸಲ ಹೀಗಾಗಿರಲಿಲ್ಲ. ಕಾನೂನು ಯಾವಾಗ ಬದಲಾಯ್ತು?" ಅಂತ ಕೇಳಿದ್ರು.

ಕಾನೂನು ಬದಲಾಗಲೇ ಇಲ್ಲ. ಬದಲಾದದ್ದು ನಿಯಮ.

ನಾನು ಬಿ.ಕಾಂ. ಓದಿದವನು, ವಕೀಲನಲ್ಲ. ಆದರೂ ಈ ವ್ಯತ್ಯಾಸ ನಮ್ಮ ಮನೆ ಬಜೆಟ್ಟಿಗೇ ಬಂದು ತಟ್ಟುತ್ತೆ. ಎಲ್-2 ಸಂಗಾತಿಗಳು ದುಡಿಯಬಹುದು ಅಂತ ಇಲ್ಲಿನ ಸಂಸತ್ತು, ಅಂದ್ರೆ ಕಾಂಗ್ರೆಸ್, 2002ರಲ್ಲಿ ಕಾನೂನನ್ನೇ ಮಾಡಿತು. ಎಚ್-4ನವರಿಗೆ ಅದು ಹಾಗೆ ಮಾಡಲಿಲ್ಲ. ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆ ತಾನೇ ನಿಯಮ ಬರೆದು, 2015ರ ಮೇ 26ರಿಂದ ಕೆಲವು ಎಚ್-4ನವರಿಗೆ ಆ ಅವಕಾಶ ಕೊಟ್ಟಿತು.

ಕಾಂಗ್ರೆಸ್ ಕೊಡದೇ ಇದ್ದದ್ದನ್ನು ಇಲಾಖೆ ಹೇಗೆ ಕೊಡುತ್ತೆ ಅಂತ ಕೋರ್ಟಿಗೆ ಹೋದವರು ನಮ್ಮ ಊರಿನವರೇ. ಇಲ್ಲಿ ಎಷ್ಟೋ ಮನೆಗೆ ಕರೆಂಟು ಕೊಡುವ ಸದರ್ನ್ ಕ್ಯಾಲಿಫೋರ್ನಿಯಾ ಎಡಿಸನ್‌ನಲ್ಲಿ ಕೆಲಸ ಕಳೆದುಕೊಂಡ ಕಂಪ್ಯೂಟರ್ ನೌಕರರು. ಅವರ ಜಾಗಕ್ಕೆ ಬಂದದ್ದು ಎಚ್-1ಬಿಯವರು. ಅವರ ಸಿಟ್ಟು ಸುಳ್ಳು ಅಂತ ನಾನು ಹೇಳಲಾರೆ. ಹತ್ತು ವರ್ಷ ಎಳೆದ ಆ ಕೇಸನ್ನು ಕೇಳುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 14ರಂದು ಹೇಳಿತು. ನಮ್ಮವರು ನಿಟ್ಟುಸಿರು ಬಿಟ್ಟರು.

ಎರಡು ವಾರ ಕಳೆದಿತ್ತೋ ಇಲ್ಲವೋ, ಅದೇ ಇಲಾಖೆ ಇನ್ನೊಂದು ನಿಯಮ ತಂತು. ಅಕ್ಟೋಬರ್ 30ರಿಂದ ಈಚೆ ರಿನ್ಯೂವಲ್ ಹಾಕಿದವರಿಗೆ 540 ದಿನದವರೆಗೆ ತಾನಾಗಿ ಸಿಗುತ್ತಿದ್ದ ವಿಸ್ತರಣೆ ಇಲ್ಲ. ಮುಂಚೆ ಜನರ ಅಭಿಪ್ರಾಯ ಕೇಳಲಿಲ್ಲ, ಕಾಂಗ್ರೆಸ್ಸಿನಲ್ಲಿ ಮತಕ್ಕೂ ಹೋಗಲಿಲ್ಲ. ಕೊಡುವ ಅಧಿಕಾರ ಇಲಾಖೆಗಿದೆ ಅಂದ್ಮೇಲೆ ಕಿತ್ತುಕೊಳ್ಳೋದೂ ಅದರ ಕೈಲೇ ಇರುತ್ತಲ್ಲ.

ನಮ್ಮ ಕಡೆ ಸುಗ್ರೀವಾಜ್ಞೆ ಅಂತಿದೆ. 2025ರ ಫೆಬ್ರವರಿಯಲ್ಲಿ ಮೈಕ್ರೋಫೈನಾನ್ಸ್ ಕಿರುಕುಳದ ವಿರುದ್ಧ ಕರ್ನಾಟಕ ಸರ್ಕಾರ ಒಂದನ್ನು ತಂದಿತ್ತು. ಆದರೆ ಅಧಿವೇಶನ ಶುರುವಾಗಿ ಆರು ವಾರದೊಳಗೆ ಶಾಸಕರು ಒಪ್ಪದಿದ್ದರೆ ಅದು ಸತ್ತಂತೆ. ಇಲ್ಲಿನ ಇಲಾಖೆ ನಿಯಮಕ್ಕೆ ಅಂಥ ಗಡುವಿಲ್ಲ.

ಆ ಹೆಣ್ಣುಮಗಳಿಗೆ ನಾನು ಹೇಳಿದ್ದು ಇಷ್ಟೇ: ಹೊಸ ಕಾರ್ಡು ಕೈಗೆ ಬರುವವರೆಗೆ ಒಂದು ಗಂಟೆಯೂ ಕೆಲಸ ಮಾಡಬೇಡಿ, ಮನೆಯಿಂದಲೂ ಬೇಡ. ಉಳಿದವರು ಕಾರ್ಡಿನ ತಾರೀಖಿಗೆ 180 ದಿನ ಇರುವಾಗಲೇ ಅರ್ಜಿ ಹಾಕಿ. ಬಾಡಿಗೆ, ಕಾರಿನ ಕಂತು ಎರಡನ್ನೂ ಆರು ತಿಂಗಳು ಒಂದೇ ಸಂಬಳದಲ್ಲಿ ತೂಗಿಸಲು ಆಗುತ್ತಾ ಅಂತ ಈ ವಾರವೇ ಕೂತು ಲೆಕ್ಕ ಹಾಕಿ ನೋಡಿ.