ಗೊತ್ತಿದ್ದೂ ಬದಲಾಗದವರ ಕಥೆ

1999ರ ಜನವರಿ 10ರಂದು ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ ಶುರುವಾದ ‘ದಿ ಸೊಪ್ರಾನೋಸ್’ ಧಾರಾವಾಹಿಯ ಮೊದಲ ದೃಶ್ಯದಲ್ಲಿ ಬಂದೂಕಿಲ್ಲ, ಹೆಣವಿಲ್ಲ. ದಢೂತಿ ಗಂಡಸೊಬ್ಬ ಮನೋವೈದ್ಯೆಯ ಕೋಣೆಯ ಹೊರಗೆ ಕೂತು, ಎದುರಿಗಿರುವ ಹೆಣ್ಣಿನ ಶಿಲ್ಪವೊಂದನ್ನು ಪೆಚ್ಚಾಗಿ ದಿಟ್ಟಿಸುತ್ತಿದ್ದಾನೆ. ಅವನು ನ್ಯೂಜೆರ್ಸಿಯ ಮಾಫಿಯಾ ಮುಖಂಡ ಟೋನಿ ಸೊಪ್ರಾನೊ. ಮನೆಯ ಈಜುಕೊಳದಲ್ಲಿ ಮರಿಗಳೊಂದಿಗೆ ಬೀಡುಬಿಟ್ಟಿದ್ದ ಬಾತುಗಳು ಹಾರಿಹೋದ ದಿನ ಉಸಿರುಗಟ್ಟಿ ಕುಸಿದುಬಿದ್ದವನು. ಅಲ್ಲಿಂದ 2007ರ ಜೂನ್ 10ರವರೆಗೆ, 86 ಕಂತುಗಳಲ್ಲಿ ಈ ಕಥೆ ಬೆಳೆಯಿತು. ಇಷ್ಟು ವರ್ಷಗಳ ಮೇಲೂ ಹೊಸ ಹೊಸ ನೋಡುಗರು ಇದರ ಬಳಿಗೆ ಬರುತ್ತಲೇ ಇದ್ದಾರೆ. ಯಾಕೆಂದು ಕೇಳಿದರೆ ಟೋನಿಯಾಗಿ ಜೇಮ್ಸ್ ಗ್ಯಾಂಡೊಲ್ಫಿನಿಯ ಅಭಿನಯ, ಮೊನಚಾದ ಸಂಭಾಷಣೆ, ಸಿನಿಮಾಕ್ಕೆ ಸಮನಾದ ಚಿತ್ರೀಕರಣ ಎಂಬ ಉತ್ತರ ಸಿಗುತ್ತದೆ. ಇವೆಲ್ಲ ನಿಜ, ಆದರೆ ಸಾಲವು. ತಾವು ಮಾಡುತ್ತಿರುವುದು ತಪ್ಪೆಂದು ಚೆನ್ನಾಗಿ ಬಲ್ಲವರು, ಹಾಗೆ ಬಲ್ಲೆವೆಂಬುದನ್ನೇ ಒಂದು ಸಮಾಧಾನ ಮಾಡಿಕೊಂಡು ಹೇಗೆ ಇದ್ದಂತೆಯೇ ಇದ್ದುಬಿಡುತ್ತಾರೆ ಎಂಬುದನ್ನು ಇಷ್ಟು ತಾಳ್ಮೆಯಿಂದ ನೋಡಿದ ಮತ್ತೊಂದು ಧಾರಾವಾಹಿ ನನಗೆ ಕಾಣದು. ಇದರ ಅತಿ ದೊಡ್ಡ ದೋಷವೂ ಇದೇ ಜಾಗದಲ್ಲಿದೆ. ಪಾತ್ರಗಳು ಎಲ್ಲಿ ಮುಖ ತಿರುಗಿಸುತ್ತವೋ ಅಲ್ಲಿ ಕೆಲವೊಮ್ಮೆ ಧಾರಾವಾಹಿಯೂ ಮುಖ ತಿರುಗಿಸುತ್ತದೆ.

ಮಾಫಿಯಾ ಕಥೆಗೆ ಇದಕ್ಕೂ ಮೊದಲೇ ಎರಡು ಗಟ್ಟಿ ಮಾದರಿಗಳಿದ್ದವು. 1972ರ ‘ದಿ ಗಾಡ್‌ಫಾದರ್’ ಅಪರಾಧಕ್ಕೆ ರಾಜವಂಶದ ಗಾಂಭೀರ್ಯ ಕೊಟ್ಟಿತು. 1990ರ ‘ಗುಡ್‌ಫೆಲಾಸ್’ ಅದೇ ಲೋಕದ ಅಮಲು ಮತ್ತು ಅದು ಇಳಿದ ಮೇಲಿನ ದೈನ್ಯ ಎರಡನ್ನೂ ತೋರಿಸಿತು. ಇಟಾಲಿಯನ್ ಮೂಲದ ಕುಟುಂಬದಲ್ಲಿ ಹುಟ್ಟಿ ನ್ಯೂಜೆರ್ಸಿಯಲ್ಲೇ ಬೆಳೆದ ಡೇವಿಡ್ ಚೇಸ್ ಈ ಧಾರಾವಾಹಿಯನ್ನು ರೂಪಿಸುವಾಗ ಆ ಚಿತ್ರಗಳನ್ನು ಮರೆಮಾಚಲು ಹೋಗಲಿಲ್ಲ. ‘ಗುಡ್‌ಫೆಲಾಸ್’ನಲ್ಲಿದ್ದ ಲೊರೇನ್ ಬ್ರಾಕೊ, ಮೈಕಲ್ ಇಂಪೀರಿಯೊಲಿ, ಟೋನಿ ಸಿರಿಕೊ ಇಲ್ಲೂ ಇದ್ದಾರೆ. ಟೋನಿಯ ಸಹಚರರಂತೂ ‘ಗಾಡ್‌ಫಾದರ್’ ನೋಡಿ ಬೆಳೆದವರು, ಅದರ ಮಾತುಗಳನ್ನು ಅಣಕಿಸಿ ನಗುವವರು. ಇಲ್ಲಿ ಮಾಫಿಯಾ ಎಂಬುದು ತನ್ನ ಬಗ್ಗೆ ಬಂದ ಸಿನಿಮಾ ನೋಡಿ ಘನತೆ ಕಲಿಯಲು ಯತ್ನಿಸುವ ಜನರ ಗುಂಪು. ಅವರ ಕಸುಬು ಕಸ ಸಾಗಣೆಯ ಗುತ್ತಿಗೆ, ಮೀಟರ್ ಬಡ್ಡಿ, ಕಟ್ಟಡ ಕಾಮಗಾರಿಯಲ್ಲಿ ಕೆಲಸಕ್ಕೆ ಬಾರದೆಯೇ ಪಡೆಯುವ ಸಂಬಳ. ಎರಡನೇ ಸೀಸನ್ನಿನಲ್ಲಿ ಟೋನಿಯ ಬಾಲ್ಯದ ಗೆಳೆಯನೊಬ್ಬ ಇಸ್ಪೀಟಿನಲ್ಲಿ ಸೋತು ಸಾಲಕ್ಕೆ ಬೀಳುತ್ತಾನೆ. ಅವನದು ಕ್ರೀಡಾ ಸಾಮಗ್ರಿಗಳ ಅಂಗಡಿ. ಗುಂಪು ಒಳಹೊಕ್ಕು ಅಂಗಡಿಯ ಹೆಸರಿನಲ್ಲಿ ಸಿಕ್ಕಿದ್ದನ್ನೆಲ್ಲ ಸಾಲವಾಗಿ ತರಿಸುತ್ತದೆ, ಹೊರಗೆ ಮಾರಿಕೊಳ್ಳುತ್ತದೆ. ಕೊನೆಗೆ ಉಳಿಯುವುದು ಬರಿದಾದ ಅಂಗಡಿ, ದಿವಾಳಿ ಅರ್ಜಿ. ಗೆಳೆಯನ ಮಗನ ಕಾರು ಟೋನಿಯ ಮಗಳ ಬಾಗಿಲಿಗೆ ಉಡುಗೊರೆಯಾಗಿ ಬರುತ್ತದೆ. ಅದು ಯಾರ ಕಾರೆಂದು ಆಕೆಗೆ ನೋಡಿದೊಡನೆ ಗೊತ್ತಾಗುತ್ತದೆ. ಒಂದು ಸಂಸಾರವನ್ನು ಲೆಕ್ಕಪುಸ್ತಕದ ಮೂಲಕವೇ ಹಿಂಡಿ ಮುಗಿಸುವ ಬಗೆಯನ್ನು ಇಷ್ಟು ವಿವರವಾಗಿ ಮಾಫಿಯಾ ಚಿತ್ರಗಳು ಅಪರೂಪಕ್ಕೆ ತೋರಿಸಿವೆ.

ನನ್ನ ವಾದಕ್ಕೆ ಗಟ್ಟಿಯಾದ ಸಾಕ್ಷಿ ಟೋನಿಯಲ್ಲ, ಅವನ ಹೆಂಡತಿ ಕಾರ್ಮೆಲಾ. ಎಡೀ ಫ್ಯಾಲ್ಕೊ ಅಭಿನಯಿಸಿದ ಈ ಪಾತ್ರ ದೈವಭೀರು. ಚರ್ಚಿಗೆ ಹೋಗುತ್ತಾಳೆ, ಪಾದ್ರಿಯನ್ನು ಮನೆಗೆ ಕರೆದು ಉಣಬಡಿಸುತ್ತಾಳೆ, ಮಕ್ಕಳ ಓದಿನ ಬಗ್ಗೆ ಕಾಳಜಿಯುಳ್ಳವಳು. ಮೂರನೇ ಸೀಸನ್ನಿನ ‘ಸೆಕೆಂಡ್ ಒಪಿನಿಯನ್’ ಕಂತಿನಲ್ಲಿ ಆಕೆ ಕ್ರಾಕವರ್ ಎಂಬ ವೃದ್ಧ ಮನೋವೈದ್ಯರ ಬಳಿ ಹೋಗುತ್ತಾಳೆ. ಗಂಡ ಒಳ್ಳೆಯವನೇ, ಏನೋ ಒಂದಿಷ್ಟು ದೌರ್ಬಲ್ಯಗಳಿವೆ ಎಂಬ ಧಾಟಿಯಲ್ಲಿ ಮಾತು ಶುರುವಾಗುತ್ತದೆ. ವೈದ್ಯರು ಆ ಮೆತ್ತನೆ ಮಾತುಗಳನ್ನು ಒಂದೊಂದಾಗಿ ಕಿತ್ತುಹಾಕುತ್ತಾರೆ. ಗಂಡನನ್ನು ಬಿಟ್ಟು, ಮಕ್ಕಳನ್ನಷ್ಟೇ ಕರೆದುಕೊಂಡು ಹೊರಡು ಎನ್ನುತ್ತಾರೆ. ತಮ್ಮ ಶುಲ್ಕವನ್ನು ಮುಟ್ಟುವುದಿಲ್ಲ. ಅದು ರಕ್ತದ ಹಣ. ತನಗೆ ಯಾರೂ ಹೇಳಲಿಲ್ಲ ಎನ್ನುವ ನೆಪ ಮಾತ್ರ ಇನ್ನು ಅವಳಿಗೆ ಇಲ್ಲ ಎಂದು ತಿಳಿಸಿ ಕಳಿಸುತ್ತಾರೆ. ಆಕೆ ಮನೆಗೆ ಬಂದು ಸೋಫಾದ ಮೇಲೆ ಬೀಳುತ್ತಾಳೆ. ಕೊನೆಗೆ ಗಂಡನಿಂದ ಪಡೆಯುವುದು ವಿಚ್ಛೇದನವನ್ನಲ್ಲ, ಮಗಳು ಓದುತ್ತಿರುವ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ 50,000 ಡಾಲರ್ ದೇಣಿಗೆಯನ್ನು. ಪಾಪದ ಅರಿವು ಇಲ್ಲಿ ಪಾಪವನ್ನು ತಡೆಯುವುದಿಲ್ಲ. ಅದಕ್ಕೆ ದಾನದ ರೂಪ ಕೊಡುತ್ತದೆ. ಈ ದೃಶ್ಯದ ನಂತರ ಕಾರ್ಮೆಲಾಳ ಒಂದೊಂದು ಆಭರಣವನ್ನೂ, ಆಕೆ ಕಟ್ಟಿಸುವ ಹೊಸ ಮನೆಯನ್ನೂ ನೋಡುಗ ಬೇರೆಯೇ ಕಣ್ಣಿನಿಂದ ನೋಡಬೇಕಾಗುತ್ತದೆ. ಬರವಣಿಗೆಯ ಈ ಧೈರ್ಯ ನನ್ನನ್ನು ಇಂದಿಗೂ ಬೆರಗಾಗಿಸುತ್ತದೆ. ವೈದ್ಯರು ಆಮೇಲೆ ಮತ್ತೆ ಬರುವುದೂ ಇಲ್ಲ; ಸತ್ಯ ಹೇಳಿದವರಿಗೆ ಆ ಮನೆಯಲ್ಲಿ ಎರಡನೇ ಭೇಟಿಯಿಲ್ಲ.

ಇಲ್ಲಿ ಒಂದು ಗಂಭೀರ ಆಕ್ಷೇಪವನ್ನು ಎದುರಿಸಬೇಕು. ಇಷ್ಟೆಲ್ಲ ವಿಮರ್ಶೆ ಇದ್ದರೂ ಕೊಲೆಗಡುಕನೊಬ್ಬನನ್ನು ನಾವು ಪ್ರೀತಿಸುವಂತೆ ಮಾಡಿದ್ದು ನಿಜವಲ್ಲವೇ? ನಿಜ. ಮೊದಲ ಸೀಸನ್ನಿನ ಐದನೇ ಕಂತು ‘ಕಾಲೇಜ್’ ಈ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡಿತು. ಟೋನಿ ಮಗಳನ್ನು ಕಾಲೇಜುಗಳನ್ನು ತೋರಿಸಲೆಂದು ಮೇನ್ ರಾಜ್ಯಕ್ಕೆ ಕರೆದೊಯ್ದಿದ್ದಾನೆ. ನೀನು ಮಾಫಿಯಾದವನೇ ಎಂದು ಕಾರಿನಲ್ಲಿ ಮಗಳು ಕೇಳುತ್ತಾಳೆ. ಮೊದಲು ಸಿಡುಕುತ್ತಾನೆ, ಆಮೇಲೆ ಅರ್ಧ ಒಪ್ಪಿಕೊಳ್ಳುತ್ತಾನೆ. ಅಪ್ಪ ಮಗಳ ನಡುವೆ ಅಪರೂಪದ ಆತ್ಮೀಯತೆ ಮೂಡುತ್ತದೆ. ಅದೇ ಪ್ರವಾಸದಲ್ಲಿ, ಹಿಂದೆ ಪೊಲೀಸರಿಗೆ ಸುಳಿವು ಕೊಟ್ಟು ಹೆಸರು ಬದಲಿಸಿಕೊಂಡು ಬದುಕುತ್ತಿರುವ ಒಬ್ಬನನ್ನು ಕಂಡು, ಬೆನ್ನಟ್ಟಿ, ತಂತಿ ಬಿಗಿದು ಕೊಲ್ಲುತ್ತಾನೆ. ನಾಯಕ ತನ್ನ ಕೈಯಾರೆ ಹೀಗೆ ಕೊಂದರೆ ಪ್ರೇಕ್ಷಕರು ಅವನನ್ನು ತೊರೆಯುತ್ತಾರೆಂದು ವಾಹಿನಿಯ ಮುಖ್ಯಸ್ಥರು ಆತಂಕಪಟ್ಟರು. ಇಂಥವನು ಕೊಲ್ಲದಿದ್ದರೇ ಜನ ನಂಬುವುದಿಲ್ಲ ಎಂಬುದು ಚೇಸ್ ಅವರ ನಿಲುವಾಗಿತ್ತು. ಪ್ರೇಕ್ಷಕರು ತೊರೆಯಲಿಲ್ಲ. ನಾವು ಮಗಳ ಮೇಲಿನ ಮಮತೆಯನ್ನು ನೆನಪಿಟ್ಟು ತಂತಿಯನ್ನು ಮರೆತೆವು. ಕಾರ್ಮೆಲಾ ಮಾಡುವ ಲೆಕ್ಕಾಚಾರವನ್ನೇ ನಾವೂ ಮಾಡುತ್ತಾ ಬಂದೆವು, ಮತ್ತು ಧಾರಾವಾಹಿ ಅದನ್ನು ನಮಗೆ ತೋರಿಸುತ್ತಲೇ ಇತ್ತು. ಪ್ರೀತಿ ಹುಟ್ಟಿಸಿದ್ದು ಇದರ ತಪ್ಪೆಂದು ನಾನು ಹೇಳಲಾರೆ. ಪ್ರೀತಿಯಿಲ್ಲದೆ ಈ ಪರೀಕ್ಷೆಯೇ ನಡೆಯುತ್ತಿರಲಿಲ್ಲ.

ಇಟಾಲಿಯನ್ ಅಮೆರಿಕನ್ನರ ಸಂಘಟನೆಗಳ ದೂರು ಬೇರೆ ತರಹದ್ದು: ಇಡೀ ಸಮುದಾಯಕ್ಕೆ ಗೂಂಡಾ ಪಟ್ಟ ಕಟ್ಟಲಾಗುತ್ತಿದೆ ಎಂದು. ಇದೇ ಕಾರಣಕ್ಕೆ ನ್ಯೂಜೆರ್ಸಿಯ ಎಸೆಕ್ಸ್ ಕೌಂಟಿ ಆಡಳಿತ ತನ್ನ ಜಾಗಗಳಲ್ಲಿ ಚಿತ್ರೀಕರಣಕ್ಕೆ ಅನುಮತಿ ನಿರಾಕರಿಸಿದ್ದರಿಂದ, ಹಿಮದ ಕಾಡಿನಲ್ಲಿ ಇಬ್ಬರು ದಾರಿತಪ್ಪುವ ಹೆಸರಾಂತ ಕಂತು ‘ಪೈನ್ ಬ್ಯಾರೆನ್ಸ್’ ಪಕ್ಕದ ನ್ಯೂಯಾರ್ಕ್ ರಾಜ್ಯದ ಉದ್ಯಾನವೊಂದರಲ್ಲಿ ಚಿತ್ರೀಕರಣಗೊಂಡಿತು. ದೂರಿನಲ್ಲಿ ನೋವಿದೆ, ಅದನ್ನು ತಳ್ಳಿಹಾಕಬಾರದು. ಆದರೆ ಆ ಮಾತನ್ನು ಧಾರಾವಾಹಿಯೇ ಮನೋವೈದ್ಯೆ ಮೆಲ್ಫಿಯ ಮಾಜಿ ಗಂಡನ ಬಾಯಲ್ಲಿ ಆಡಿಸಿದೆ. ಮೆಲ್ಫಿ ಕೂಡ ಇಟಾಲಿಯನ್ ಮೂಲದವಳೇ, ದುಡಿದು ತಿನ್ನುವ ವಿದ್ಯಾವಂತೆ. ನಾಲ್ಕನೇ ಸೀಸನ್ನಿನಲ್ಲಿ ಕೊಲಂಬಸ್ ದಿನಾಚರಣೆಯನ್ನು ಹಿಡಿದು ಇದಕ್ಕೇ ಒಂದು ಕಂತು ಮೀಸಲಿಟ್ಟಾಗ ಮಾತ್ರ ಪಾತ್ರಗಳು ಬದುಕುವುದನ್ನು ಬಿಟ್ಟು ಭಾಷಣಕ್ಕೆ ನಿಂತವು.

ಸಣ್ಣಪುಟ್ಟ ದೋಷಗಳು ಇನ್ನೂ ಇವೆ. ಪ್ರತಿ ಸೀಸನ್ನಿಗೂ ಹೊಸ ಎದುರಾಳಿ ಬೇಕಾದ್ದರಿಂದ ರಿಚಿ, ಫೀಚ್, ಫಿಲ್ ಹೀಗೆ ಒಬ್ಬರ ಹಿಂದೊಬ್ಬರು ಜೈಲಿನಿಂದ ಬಿಡುಗಡೆಯಾಗಿ ಬರುತ್ತಾರೆ. ಐದನೇ ಸೀಸನ್ನಿನ ಕನಸೊಂದು ಸುಮಾರು ಇಪ್ಪತ್ತು ನಿಮಿಷ ಎಳೆದಾಡುತ್ತದೆ. ಟೋನಿಯ ತಾಯಿ ಲಿವಿಯಾಳ ಪಾತ್ರಧಾರಿ ನ್ಯಾನ್ಸಿ ಮರ್ಚಂಡ್ 2000ದಲ್ಲಿ ತೀರಿಕೊಂಡಾಗ, ಆಕೆಯ ಹಳೆಯ ದೃಶ್ಯದ ತುಣುಕುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಕೊನೆಯ ಮಾತುಕತೆಯೊಂದನ್ನು ಸೃಷ್ಟಿಸಿದ್ದು ನೋಡಲು ಹಿಂಸೆ. ಇವನ್ನು ಕ್ಷಮಿಸಬಹುದು.

ಕ್ಷಮಿಸಲು ಕಷ್ಟವಾದದ್ದು ಬಲಿಪಶುಗಳ ಕಡೆಗಿನ ನೋಟ. ಗುಂಪು ಕಲೆಯುವ ಜಾಗ ‘ಬಾಡಾ ಬಿಂಗ್’ ಎಂಬ ಕ್ಲಬ್ಬು. ಅಲ್ಲಿ ಅರೆಬೆತ್ತಲೆ ಹುಡುಗಿಯರು ಕಂಬ ಹಿಡಿದು ಕುಣಿಯುತ್ತಿರುತ್ತಾರೆ, ಮುಂದೆ ಗಂಡಸರ ವ್ಯವಹಾರದ ಮಾತು. ಆರು ಸೀಸನ್ನುಗಳಲ್ಲಿ ಆ ಹುಡುಗಿಯರ ಪೈಕಿ ನಮಗೆ ನಿಜವಾಗಿ ಪರಿಚಯವಾಗುವವಳು ಬಹುಮಟ್ಟಿಗೆ ಟ್ರೇಸಿ ಒಬ್ಬಳೇ, ಅದೂ ‘ಯೂನಿವರ್ಸಿಟಿ’ ಎಂಬ ಒಂದೇ ಕಂತಿನಲ್ಲಿ. ಮಗುವಿನ ವಿಚಾರದಲ್ಲಿ ಸಲಹೆ ಕೊಟ್ಟನೆಂಬ ಕೃತಜ್ಞತೆಗೆ ಟೋನಿಗಾಗಿ ಖರ್ಜೂರದ ಬ್ರೆಡ್ ಮಾಡಿ ತರುತ್ತಾಳೆ. ಅವನು ಇಂಥದ್ದೆಲ್ಲ ಬೇಡ ಎನ್ನುತ್ತಾನೆ. ಕಂತು ಮುಗಿಯುವ ಮುನ್ನ ರಾಲ್ಫ್ ಎಂಬುವನು ಅವಳನ್ನು ಕ್ಲಬ್ಬಿನ ಹಿಂದೆ ಹೊಡೆದು ಸಾಯಿಸುತ್ತಾನೆ. ಮನೋವೈದ್ಯೆಯ ಮುಂದೆ, ಹೆಂಡತಿ ಪಕ್ಕದಲ್ಲಿರುವಾಗ, ಟೋನಿ ಆ ಸಾವನ್ನು ತನ್ನಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗನ ಸಾವೆಂದು ಹೇಳುತ್ತಾನೆ. ಮುಂದಿನ ಸೀಸನ್ನಿನಲ್ಲಿ ರಾಲ್ಫ್‌ನನ್ನು ಕೊಲ್ಲುವುದೇನೋ ನಿಜ, ಆದರೆ ಒಂದು ಕುದುರೆಗಾಗಿ. ಇಷ್ಟರಮಟ್ಟಿಗೆ ಇದು ಅಸಾಮಾನ್ಯ ಬರವಣಿಗೆ. ಆದರೆ ಟ್ರೇಸಿ ಸತ್ತ ಮೇಲೂ ಕ್ಲಬ್ಬಿನಲ್ಲಿ ಕುಣಿತ ನಿಲ್ಲುವುದಿಲ್ಲ, ಕ್ಯಾಮೆರಾ ಆ ಮೈಗಳ ಮೇಲೆ ಮೊದಲಿನಂತೆಯೇ ಹರಿದಾಡುತ್ತದೆ. ಚಂದಾದಾರರ ಹಣದಿಂದ ನಡೆಯುವ ವಾಹಿನಿಗೆ ಉಳಿದ ವಾಹಿನಿಗಳು ತೋರಿಸಲಾಗದ್ದನ್ನು ತೋರಿಸುವುದೂ ವ್ಯಾಪಾರದ ಭಾಗವೇ ಆಗಿತ್ತು. ಹುಡುಗಿಯ ಸಾವಿಗೆ ನಮ್ಮನ್ನು ಅಳಿಸಿ, ಮುಂದಿನ ವಾರ ಅವಳಂಥವರನ್ನೇ ಅಲಂಕಾರಕ್ಕೆ ನಿಲ್ಲಿಸುವುದು ಟೋನಿಯ ಮನಸ್ಸಿನ ಚಿತ್ರಣ ಎಂದರೆ ನಾನು ಪೂರ್ತಿ ಒಪ್ಪಲಾರೆ.

ಕರಿಯ ಪಾತ್ರಗಳ ವಿಷಯವೂ ಇಂಥದ್ದೇ. ಮಾಡಿದ ಪಾಪವನ್ನು ಗುರುತು ಸಿಗದ ಕರಿಯರ ತಲೆಗೆ ಕಟ್ಟುವುದು ಈ ಗುಂಪಿನ ಚಾಳಿ. ಐದನೇ ಸೀಸನ್ನಿನ ಒಂದು ಕಂತಿನ ಶೀರ್ಷಿಕೆಯೇ ಈ ಸುಳ್ಳನ್ನು ಬಯಲಿಗೆಳೆಯುತ್ತದೆ. ಹಾಗಿದ್ದೂ, ಸುಳ್ಳು ಹೊತ್ತವರ ಮನೆಯೊಳಗೆ ಕಥೆ ಕಾಲಿಡುವುದು ತೀರಾ ಅಪರೂಪ. ಮಗಳ ಗೆಳೆಯ ನೋವಾ ಕೆಲವು ಕಂತುಗಳಲ್ಲಿ ಬಂದು ಹೋಗುತ್ತಾನೆ. ಉಳಿದವರಲ್ಲಿ ಹೆಚ್ಚಿನವರು ಬಾಡಿಗೆ ಹಂತಕರು, ಇಲ್ಲವೇ ಏಟು ತಿನ್ನುವವರು. 2021ರಲ್ಲಿ ಬಂದ ‘ದಿ ಮೆನಿ ಸೇಂಟ್ಸ್ ಆಫ್ ನ್ಯೂಆರ್ಕ್’ ಸಿನಿಮಾದಲ್ಲಿ ಚೇಸ್ 1967ರ ನ್ಯೂಆರ್ಕ್ ಗಲಭೆಯನ್ನೂ ಹೆರಾಲ್ಡ್ ಎಂಬ ಕರಿಯ ಪಾತ್ರವನ್ನೂ ಮುನ್ನೆಲೆಗೆ ತಂದದ್ದನ್ನು ನೋಡಿದರೆ, ಈ ಕೊರತೆ ಅವರಿಗೂ ಕಂಡಿರಬೇಕು ಅನಿಸುತ್ತದೆ. ಕಥೆ ಟೋನಿಯ ಕಣ್ಣಿನಿಂದ ಸಾಗುವುದರಿಂದ ಅವನು ನೋಡದ್ದು ನಮಗೂ ಕಾಣುವುದಿಲ್ಲ ಎಂದು ಸಮರ್ಥಿಸುವವರಿದ್ದಾರೆ. ಈ ಸಮರ್ಥನೆಯನ್ನು ಧಾರಾವಾಹಿಯೇ ಮುರಿದಿದೆ. ಎಫ್‌ಬಿಐಗೆ ಸುಳಿವು ಕೊಟ್ಟ ಏಡ್ರಿಯಾನಾ ಎಂಬ ಯುವತಿಯನ್ನು ಟೋನಿಯ ಸಹಚರ ಸಿಲ್ವಿಯೊ ಕಾರಿನಲ್ಲಿ ಕೊಲ್ಲಲು ಒಯ್ಯುವಾಗ, ಆಕೆ ಒಬ್ಬಳೇ ತನ್ನ ಕಾರಿನಲ್ಲಿ ತಪ್ಪಿಸಿಕೊಂಡು ಹೋಗುತ್ತಿರುವಂತೆ ಒಂದು ಕ್ಷಣ ನಮಗೆ ಕಾಣುತ್ತದೆ; ಅದು ಆಕೆಯ ಮನಸ್ಸಿನ ಆಸೆ. ಮರುಕ್ಷಣ ಅವಳು ಕಾಡಿನ ತರಗೆಲೆಯ ಮೇಲೆ ತೆವಳುತ್ತಿದ್ದಾಳೆ. ಟೋನಿ ಅಲ್ಲಿ ಇಲ್ಲವೇ ಇಲ್ಲ. ಬಲಿಯಾಗುವವಳ ಒಳಗಿನಿಂದ ನೋಡುವ ಶಕ್ತಿ ಈ ಬರಹಗಾರರಿಗೆ ಇತ್ತು. ಯಾರ ಒಳಗೆ ಹೋಗಬೇಕು, ಯಾರನ್ನು ಹೊರಗೇ ಬಿಡಬೇಕು ಎಂಬುದು ಅವರದೇ ಆಯ್ಕೆ.

ಮೆಲ್ಫಿಯ ಪಾತ್ರದಲ್ಲಿ ಈ ಶಕ್ತಿಯೂ ಕೊರತೆಯೂ ಒಟ್ಟಿಗೇ ಇವೆ. ಮೂರನೇ ಸೀಸನ್ನಿನಲ್ಲಿ ಆಕೆಯ ಮೇಲೆ ಅತ್ಯಾಚಾರ ನಡೆಯುತ್ತದೆ, ಪೊಲೀಸರ ತಪ್ಪಿನಿಂದ ಆರೋಪಿ ಹೊರಬರುತ್ತಾನೆ. ಟೋನಿಗೆ ಒಂದು ಮಾತು ಹೇಳಿದರೆ ಸಾಕು, ಆ ಆರೋಪಿಯ ಕಥೆ ಮುಗಿಯುತ್ತದೆ. ಅವಳು ಹೇಳುವುದಿಲ್ಲ. 86 ಕಂತುಗಳಲ್ಲಿ ತಿಳಿವಳಿಕೆಯು ನಡತೆಯಾಗಿ ಮಾರ್ಪಟ್ಟ ಕೆಲವೇ ಗಳಿಗೆಗಳಲ್ಲಿ ಇದೊಂದು. ಅದೇ ಮೆಲ್ಫಿ ಕೊನೆಯಿಂದ ಎರಡನೇ ಕಂತಿನಲ್ಲಿ, ಮಾತಿನ ಚಿಕಿತ್ಸೆಯು ಇಂಥ ಅಪರಾಧಿಗಳನ್ನು ಇನ್ನಷ್ಟು ನಿಪುಣರನ್ನಾಗಿ ಮಾಡುತ್ತದೆ ಎಂಬ ಅಧ್ಯಯನವನ್ನು ಓದಿ, ಟೋನಿಯನ್ನು ಸರಕ್ಕನೆ ಹೊರಗಟ್ಟುತ್ತಾಳೆ. ಆ ಜಗಳದಲ್ಲಿ ಆಕೆ ಹಿಡಿದುಕೊಳ್ಳುವುದು, ಕಾಯುವ ಕೋಣೆಯ ಪತ್ರಿಕೆಯಿಂದ ಅವನು ಅಡುಗೆ ವಿಧಾನದ ಹಾಳೆಯೊಂದನ್ನು ಹರಿದುಕೊಂಡದ್ದನ್ನು. ಆ ಹರಿದ ಹಾಳೆ ನಿಜವಾಗಿಯೂ ಸೊಗಸಾದ ಕಲ್ಪನೆ. ಆದರೆ ಇಷ್ಟು ವರ್ಷ ಅನುಭವವುಳ್ಳ ವೈದ್ಯೆಗೆ ತನ್ನ ಶಾಸ್ತ್ರದ ಈ ಪ್ರಶ್ನೆ ಆ ವಾರವೇ ಎದುರಾಯಿತೆಂದರೆ ನಂಬುವುದು ಕಷ್ಟ. ಕಥೆಯನ್ನು ಮುಗಿಸುವ ಗಡಿಬಿಡಿ ಅಲ್ಲಿ ಕಾಣುತ್ತದೆ.

ಕೊನೆಯ ಕಂತಿನ ಬಗ್ಗೆ ವಾದ ಇನ್ನೂ ತಣ್ಣಗಾಗಿಲ್ಲ. ಬ್ಲೂಮ್‌ಫೀಲ್ಡಿನ ಹೋಲ್ಸ್‌ಟನ್ಸ್ ಅಂಗಡಿಯಲ್ಲಿ ಸಂಸಾರ ತಿನ್ನಲು ಕೂಡುತ್ತಿರುವಾಗ ಪರದೆ ಒಮ್ಮೆಲೇ ಕಪ್ಪಾಗುತ್ತದೆ; ಆ ರಾತ್ರಿ ಎಷ್ಟೋ ಮನೆಗಳಲ್ಲಿ ಕೇಬಲ್ಲೇ ಕೈಕೊಟ್ಟಿತೆಂದು ತಿಳಿದರು. ಟೋನಿ ಸತ್ತನೋ ಬದುಕಿದನೋ ಎಂಬ ಪ್ರಶ್ನೆಗೆ ಉತ್ತರ ಕೊಡದಿದ್ದುದು ಮೋಸ ಎನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ, ಏಕೆಂದರೆ ತೀರ್ಮಾನವಾಗಬೇಕಾದದ್ದು ಅದೇ ಕಂತಿನಲ್ಲಿ ಅದಕ್ಕೆ ಮೊದಲೇ ತೀರ್ಮಾನವಾಗಿದೆ. ಜಗತ್ತಿನ ಯುದ್ಧಗಳನ್ನು ಕಂಡು ಕಂಗೆಟ್ಟು ಸೈನ್ಯ ಸೇರುವೆನೆಂದ ಮಗನನ್ನು ತಂದೆತಾಯಿ ಹೊಸ ಬಿಎಂಡಬ್ಲ್ಯು ಕಾರು, ಸಿನಿಮಾ ಕಂಪನಿಯ ನೌಕರಿ ಕೊಟ್ಟು ತಣಿಸಿದ್ದಾರೆ. ಮಗಳು ಮೆಡೋ ವೈದ್ಯಕೀಯ ಬಿಟ್ಟು ಕಾನೂನು ಓದಲು ಹೊರಟಿದ್ದಾಳೆ. ಸರ್ಕಾರದ ದಬ್ಬಾಳಿಕೆಯ ವಿರುದ್ಧ ಜನರ ಹಕ್ಕುಗಳಿಗಾಗಿ ಹೋರಾಡುವ ಆಸೆ. ಆ ಆಸೆ ಹುಟ್ಟಿದ್ದೆಲ್ಲಿ ಎಂಬುದನ್ನು ಅವಳೇ ಅಪ್ಪನಿಗೆ ವಿವರಿಸುತ್ತಾಳೆ: ಎಫ್‌ಬಿಐನವರು ಅವನನ್ನು ಮತ್ತೆ ಮತ್ತೆ ಎಳೆದೊಯ್ಯುವುದನ್ನು ಕಂಡದ್ದರಿಂದ. ಗೆಳೆಯನ ಮಗನ ಕಾರನ್ನು ನೋಡಿದೊಡನೆ ಗುರುತಿಸಿದ್ದ ಹುಡುಗಿ ಇವಳೇ. ಅಪ್ಪನ ಅಪರಾಧವನ್ನು ಅವನಿಗಾದ ಅನ್ಯಾಯವಾಗಿ ತಿರುಗಿಸಿಕೊಂಡು, ಅದರ ಮೇಲೆ ತನ್ನ ಆದರ್ಶವನ್ನು ಕಟ್ಟಿಕೊಂಡಿದ್ದಾಳೆ. ಈ ಮಾತು ಕೇಳುವಾಗ ಗ್ಯಾಂಡೊಲ್ಫಿನಿ ಮುಖದ ಮೇಲೆ ತರುವ ಭಾವವನ್ನು ಮತ್ತೊಮ್ಮೆ ನೋಡಬೇಕು. ಹೇಳಲು ಒಂದು ಮಾತೂ ಅವನಲ್ಲಿಲ್ಲ, ಮಗಳನ್ನು ತಿದ್ದುವ ಹಕ್ಕೂ ಉಳಿದಿಲ್ಲ. ಅಂಗಡಿಯ ಬಾಗಿಲು ತೆರೆದು ಯಾರು ಒಳಬಂದರು ಎಂಬುದಕ್ಕಿಂತ ಈ ದೃಶ್ಯದ ಬಗ್ಗೆ ಹೆಚ್ಚು ಚರ್ಚೆ ನಡೆಯಬೇಕಿತ್ತು.