ಗೊಂಬೆಗೂ ನಮ್ಮ ಮೈಬಣ್ಣ ಇರಲಿ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಜಾತ್ರೆಗಳಲ್ಲಿ ಗೊಂಬೆ ಅಂಗಡಿ ನೋಡಿ. ಪಾಪುಗಳು ಬಹುಪಾಲು ಗುಲಾಬಿ ಬಿಳುಪು. ಕಬ್ಬಿನ ಗದ್ದೆಯಲ್ಲಿ ದುಡಿಯುವ ನಮ್ಮವರ ಮೈಬಣ್ಣದ ಗೊಂಬೆ ಸಿಗುವುದು ಕಷ್ಟ.

ಇದು ಸಣ್ಣ ವಿಷಯವಲ್ಲ. 1940ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ದಂಪತಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಕಪ್ಪು ಮಕ್ಕಳ ಮುಂದೆ ಕಂದು ಗೊಂಬೆ, ಬಿಳಿ ಗೊಂಬೆ ಇಟ್ಟು ಯಾವುದು ಚೆನ್ನಾಗಿದೆ ಎಂದು ಕೇಳಿದರು. ಹೆಚ್ಚಿನ ಮಕ್ಕಳು ಬಿಳಿಯದನ್ನೇ ತೋರಿಸಿದರು. ನಮ್ಮ ಹೆಣ್ಣುಮಕ್ಕಳೂ 'ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ' ಎಂಬ ಮಾತು ಕೇಳಿಯೇ ಬೆಳೆಯುತ್ತಾರೆ.

ದಾರಿ ಇದೆ. ವಿನೈಲ್ ಗೊಂಬೆಗೆ ಆಯಿಲ್ ಪೇಂಟ್ ಹಾಕುವವರು ಕಂದು, ಕೆಂಪು, ಹಳದಿ, ಚೂರು ನೀಲಿ ಬೆರೆಸಿ, ಸ್ಪಂಜಿನಲ್ಲಿ ತಟ್ಟಿ ತಟ್ಟಿ ತೆಳುವಾಗಿ ಪದರ ಕೂರಿಸುತ್ತಾರೆ. ಬೆರಳ ಗೆಣ್ಣು ಗಾಢ, ಅಂಗೈ ತಿಳಿ. ಮಾಮೂಲಿ ಪೇಂಟ್ ವಿನೈಲ್ ಮೇಲೆ ಬಹಳ ದಿನ ಅಂಟಂಟಾಗಿರುತ್ತದೆ. ಶಾಖದಲ್ಲಿ ಗಟ್ಟಿಯಾಗುವ ಬಣ್ಣವೇ ಬೇಕು. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಕೂಸುಗಳಿಗೆ ಇಂಥ ಗೊಂಬೆ ಬೇಡ.

ಅರಗಿನ ಬಣ್ಣದ ಗೊಂಬೆಗೆ ಹೆಸರಾದ ಚನ್ನಪಟ್ಟಣ ಮದ್ದೂರಿನ ಪಕ್ಕದಲ್ಲೇ ಇದೆ. ನಮ್ಮ ಸ್ತ್ರೀಶಕ್ತಿ ಸಂಘಗಳೂ ಈ ಕೆಲಸ ಕಲಿಯಲಿ. ನಾವು ಕೇಳಿದರೆ ಅಂಗಡಿಯವರೂ ತರುತ್ತಾರೆ.

ಅದಕ್ಕೂ ಮೊದಲು 'ಕಪ್ಪಗಿದ್ದರೂ' ಅನ್ನುವುದನ್ನು ಬಿಡೋಣ. 'ಕಪ್ಪಗಿದ್ದಾಳೆ, ಲಕ್ಷಣವಾಗಿದ್ದಾಳೆ' ಅಂದರೆ ಸಾಕು.