ಖಾತೆ ನಂಬರನ್ನು ಯಾರಾದರೂ ಕೂಡುತ್ತಾರಾ ಸ್ವಾಮಿ?

ಗೋದೌಲಿಯಾಕ್ಕೆ ಬಂದು ಇಪ್ಪತ್ತು ವರ್ಷ ದಾಟಿತು. ಜಂಗಮವಾಡಿ ಮಠದ ಕಡೆಯ ಯಾತ್ರಿಕರ ಬಾಯಲ್ಲಿ ಕನ್ನಡ ಕೇಳಿದರೆ ಈಗಲೂ ಕೌಂಟರಿನಿಂದ ತಲೆ ಎತ್ತುತ್ತೇನೆ. ಮೊನ್ನೆ ಹಾಗೆ ತಲೆ ಎತ್ತಿದರೆ, ಕಾಶಿವಾಸಕ್ಕೆಂದು ಬಂದು ಇಲ್ಲೇ ಉಳಿದ ನಮ್ಮ ಕಡೆಯ ಅಜ್ಜಿಯೊಬ್ಬರು. "ಪಿಂಚಣಿ ಅರಿಯರ್ಸು ಇನ್ನೂ ಬಂದಿಲ್ಲವಲ್ಲಪ್ಪಾ..."

ಹುಡುಕಿದೆ. ಪಟ್ಟಿಯಲ್ಲಿ ಅವರ 16 ಅಂಕಿಯ ಖಾತೆ ನಂಬರಿನ ಕೊನೆಯ 7 ಸೊನ್ನೆಯಾಗಿತ್ತು. ಅಂಥ ಖಾತೆಯೇ ಇಲ್ಲವೆಂದು ಹಣ ವಾಪಸಾಗಿತ್ತು. ಮೇಲಿನವರ ಉತ್ತರ: "ಶಾಖೆಯವರಿಗೆ ಎಕ್ಸೆಲ್ ತೆರೆಯಲು ಬರುವುದಿಲ್ಲ."

ಅಲ್ಲಾ ಸ್ವಾಮಿ, ತಪ್ಪು ನಮ್ಮದಾ?

ಈ ಪಟ್ಟಿ ತಯಾರಾಗುವುದು ಸ್ಯಾಸ್ ಎಂಬ ತಂತ್ರಾಂಶದಲ್ಲಿ. ಒಂದು ಮ್ಯಾಕ್ರೋ ಬರೆದಿಟ್ಟರೆ ಶಾಖೆಗೊಂದು ಫೈಲು ತಾನೇ ಉದುರುತ್ತದೆ. ಉದುರುವುದು ಸಿಎಸ್‌ವಿ, ಅಂದರೆ ನಡುವೆ ಅಲ್ಪವಿರಾಮ ಹಾಕಿದ ಬರಿ ಅಕ್ಷರಗಳು. ಯಾವುದು ಮೊತ್ತ, ಯಾವುದು ಖಾತೆ ಎಂದು ಅದರಲ್ಲಿ ಹೇಳಿರುವುದಿಲ್ಲ. ಡಬಲ್ ಕ್ಲಿಕ್ ಮಾಡಿದೊಡನೆ ಎಕ್ಸೆಲ್ ತಾನೇ ಊಹಿಸುತ್ತದೆ. ಅಂಕಿ ಕಂಡರೆ ಸಂಖ್ಯೆ ಎಂದುಕೊಂಡು ಮುಂದಿನ ಸೊನ್ನೆಗಳನ್ನು ನುಂಗುತ್ತದೆ, 15 ಅಂಕಿ ದಾಟಿದ್ದನ್ನು ಸೊನ್ನೆ ಮಾಡುತ್ತದೆ. ಸೇವ್ ಮಾಡಿದಿರೋ, ಹೋದದ್ದು ಹೋಯಿತು.

ಮದ್ದು ಇಲ್ಲವೇ? ಇದೆ. ಸ್ಯಾಸ್ 9.4ರಲ್ಲಿ ಓಡಿಎಸ್ ಎಕ್ಸೆಲ್ ಇದೆ, ಅದು ನಿಜವಾದ ಎಕ್ಸೆಲ್ ಫೈಲನ್ನೇ ಬರೆಯುತ್ತದೆ. ಖಾತೆ ನಂಬರನ್ನು ಮೊದಲಿನಿಂದಲೂ ಅಕ್ಷರವಾಗಿಯೇ ಇಟ್ಟು, ಆ ಕಾಲಂ ಟೆಕ್ಸ್ಟ್ ಎಂದು ಮ್ಯಾಕ್ರೋದಲ್ಲಿ ತಿಳಿಸಿದರಾಯಿತು. ಒಂದೆರಡು ಸಾಲಿನ ಕೆಲಸ!

"ಸಿಎಸ್‌ವಿ ಹಗುರ, ಬೇಗ ಆಗುತ್ತೆ" ಅನ್ನುತ್ತಾರೆ. ಯಂತ್ರ ಓದುವುದಾದರೆ ಧಾರಾಳವಾಗಿ ಕೊಡಿ. ಮನುಷ್ಯ ತೆರೆಯುವುದಾದರೆ ಬೇಡ. ಒಬ್ಬ ಒಮ್ಮೆ ಸರಿಪಡಿಸಬಹುದಾದ್ದನ್ನು ಪ್ರತಿ ಶಾಖೆಯ ಗುಮಾಸ್ತ ಪ್ರತಿ ತಿಂಗಳೂ ನೆನಪಿಟ್ಟುಕೊಳ್ಳಬೇಕು ಅನ್ನುವುದು ಯಾವ ನ್ಯಾಯ?

ಎಲ್ಲರ ಮನೆ ದೋಸೆಯೂ ತೂತೇ, ಒಪ್ಪಿದೆ. 2020ರಲ್ಲಿ ಇಂಗ್ಲೆಂಡಿನಲ್ಲಿ ಸಿಎಸ್‌ವಿಗಳನ್ನು ಹಳೆಯ ಎಕ್ಸೆಲ್ ಫೈಲಿಗೆ ತುಂಬಲು ಹೋಗಿ, 65,536 ಸಾಲುಗಳ ಮಿತಿ ಮೀರಿ, 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದವು. ಸೋಂಕಿತರ ಸಂಪರ್ಕದಲ್ಲಿದ್ದವರನ್ನು ಹುಡುಕುವುದೂ ತಡವಾಯಿತು. ಅಲ್ಲಿಯೂ ಫೈಲು ಕೂಗಿ ಹೇಳಲಿಲ್ಲ.

ನಾನು ಓದಿದ್ದು ಬರೀ ಬಿಕಾಂ. ಆದರೂ ಇಷ್ಟು ಗೊತ್ತು: ಕೂಡಿ ಕಳೆಯುವುದಿದ್ದರೆ ಅದು ಸಂಖ್ಯೆ. ಖಾತೆ ನಂಬರನ್ನು ಯಾರೂ ಕೂಡುವುದಿಲ್ಲ, ಅದು ಮನುಷ್ಯನ ಹೆಸರಿದ್ದಂತೆ. ಹೆಸರಿನ ಕೊನೆಯ ಅಕ್ಷರ ಅಳಿಸಿ ಕಳಿಸಿದವರು, ಓದಿದವನನ್ನು ಬೈಯುವಂತಿಲ್ಲ.

ಅಜ್ಜಿಯ ಹಣ ಹದಿನೆಂಟು ದಿನಕ್ಕೆ ಬಂತು. ಮ್ಯಾಕ್ರೋ ಮಾತ್ರ ಇನ್ನೂ ಹಾಗೇ ಇದೆ. ನಿಮ್ಮ ಆಫೀಸಿನಲ್ಲಿ ಹೇಗೆ?